ಹಂಗಾದ್ರ ಕೂಸು ಕೆಮ್ಮಿದ್ದು ಯಾತಕ್ಕ

ಡಾಕ್ಟರ ಸಾಹೇಬರ ಕಿವಿಗಳು ಮುಖಕ್ಕಿಂತ ಒಂದು ಅಳತೆ ದೊಡ್ಡವು. ಅಂಚಿನಲ್ಲಿ ಬೆಳ್ಳನೆಯ ಕೂದಲು, ಕೆಳಗೆ ಜೋತುಬಿದ್ದ ಹಾಲೆ. ಬಲಗಿವಿ ಮಾತ್ರ ತುಸು ಚಪ್ಪಟೆಯಾಗಿ ತಲೆಗೆ ಅಂಟಿಕೊಂಡಿತ್ತು. ವರ್ಷಗಟ್ಟಲೆ ಕೂಸುಗಳ ಬೆನ್ನಿಗೆ ಒತ್ತಿ ಒತ್ತಿ ಹಾಗಾಗಿದೆ ಎಂದು ನಮ್ಮೂರಿನವರು ನಂಬಿದ್ದರು, ನಾನೂ ನಂಬಿದ್ದೆ. ಕೂಸನ್ನು ತಾಯಿಯ ಹೆಗಲ ಮೇಲೆ ಬೋರಲು ಹಾಕಿಸಿ, ಬೆನ್ನಿನ ಮೇಲೆ ತೆಳ್ಳನೆಯ ಧೋತರದ ತುಂಡು ಹರವಿ, ತಮ್ಮ ಕಿವಿಯನ್ನು ಅಂಗೈಯಿಂದ ತಿಕ್ಕಿ ಬೆಚ್ಚಗೆ ಮಾಡಿಕೊಂಡು, ಕಣ್ಣು ಮುಚ್ಚಿ ಇಡುತ್ತಿದ್ದರು. ಕೊರಳಲ್ಲಿ ಎದೆ ಕೇಳುವ ರಬ್ಬರಿನ ನಳಿಗೆ ಇರುತ್ತಿತ್ತು, ಆದರೆ ಅದು ದೊಡ್ಡವರಿಗೆ. "ಕೂಸಿನ ಎದಿ ಮ್ಯಾಲ ನಳಿಗಿ ತುದೀ ಥಣ್ಣನ ಲೋಖಂಡ ಇಟ್ರ ಅಳತೈತ್ರಿ. ಅದು ಅಳಾಕ ಹತ್ತಿದ ಮ್ಯಾಲ ನಾ ಎದಿ ಕೇಳಲ್ಯೋ, ಅಳು ಕೇಳಲ್ಯೋ?" ಎನ್ನುತ್ತಿದ್ದರು.

ಅವರು ಕಿವಿ ಇಟ್ಟಾಗ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಒಳಗೆ ಕುಟ್ಟುತ್ತಿದ್ದ ಹೆಂಗಸರು ಒನಕೆ ನಿಲ್ಲಿಸುತ್ತಿದ್ದರು. ಅಂಗಳದ ಕೋಳಿಗಳನ್ನು ಯಾರಾದರೂ ಓಡಿಸಿ ಬರುತ್ತಿದ್ದರು. ಒಮ್ಮೆ ಎದುರು ಮನೆಯ ಬಡಿಗೇರ ಎತ್ತಿದ ಬಾಚಿಯನ್ನು ಎತ್ತಿದಲ್ಲೇ ಹಿಡಿದು ನಿಂತದ್ದನ್ನು ನಾನು ನೋಡಿದ್ದೇನೆ. ನನ್ನ ಶಾಲೆಯಲ್ಲಿ ಬೆತ್ತ ಹಿಡಿದರೂ ಅಷ್ಟು ಶಾಂತತೆ ನನಗೆ ಸಿಗುತ್ತಿರಲಿಲ್ಲ.

ಊರೆಲ್ಲ ಅವರನ್ನು ಡಾಕ್ಟರ ಸಾಹೇಬರು ಎಂದೇ ಕರೆಯುತ್ತಿತ್ತು. ಜತ್ತ ಸಂಸ್ಥಾನವಿದ್ದಾಗ ದವಾಖಾನೆಯ ನೌಕರಿ ಮಾಡಿದವರು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲೆ ಪಿಂಚಣಿ ತೆಗೆದುಕೊಂಡು, ತಾಯಿಯ ಊರೆಂದು ವಳಸಂಗಕ್ಕೆ ಬಂದು ಕೂತರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಮ್ಮವರು ಬಂದರೆ ದಖನಿ ಉರ್ದು, ನಮ್ಮ ಜೊತೆ ಕನ್ನಡ, ಕಚೇರಿಯವರು ಬಂದರೆ ಮರಾಠಿ. ಸಿಟ್ಟು ಬಂದಾಗ ಮೂರೂ ಒಟ್ಟಿಗೆ ಬರುತ್ತಿದ್ದವು. ಅವರ ಸಿಟ್ಟಿಗೆ ಯಾರೂ ಹೆದರುತ್ತಿರಲಿಲ್ಲ, ಯಾಕೆಂದರೆ ಬೈದು ಮುಗಿಸಿದ ಮೇಲೆ ಅವರೇ ಚಹಾ ಮಾಡಿ ಕುಡಿಸುತ್ತಿದ್ದರು. ನಾನು ಊರಿನ ಕನ್ನಡ ಸಾಲಿ ಮಾಸ್ತರ. ಸಂಜೆ ಶಾಲೆ ಬಿಟ್ಟ ಮೇಲೆ ಅವರ ಕಟ್ಟೆ ನನ್ನ ಕಟ್ಟೆಯಾಗಿತ್ತು.

ಬೇರೆ ವೈದ್ಯರು ಬಂದ ಕೂಡಲೇ ಏನಾಗಿದೆ ಎಂದು ಕೇಳುತ್ತಾರೆ. ಇವರ ಮೊದಲ ಮಾತು ಯಾವಾಗಲೂ ಒಂದೇ: "ಕೈಯಾಗ ಏನಿತ್ತು?" ಕೂಸಿಗೆ ಜ್ವರವಿರಲಿ, ವಾಂತಿಯಿರಲಿ, ಸುಮ್ಮನೆ ಹಟವಿರಲಿ, ಮೊದಲು ಅದರ ಕೈಯಲ್ಲಿ ಏನಿತ್ತೆಂದು ಹೇಳಬೇಕು. ನಮಗೆಲ್ಲ ಅದೊಂದು ಚೇಷ್ಟೆಯಾಗಿತ್ತು. ನನಗೆ ನೆಗಡಿಯಾಗಿ ಹೋದರೂ ನಾನೇ ಮುಂದಾಗಿ, "ಕೈಯಾಗ ಬೋರ್ಡಿನ ಮ್ಯಾಲ ಬರಿಯೂ ಖಡು ಇತ್ರಿ ಸಾಹೇಬ್ರ, ನುಂಗಿಲ್ಲ" ಎನ್ನುತ್ತಿದ್ದೆ.

ಅಂಗಡಿಕಾರರ ಮೊಮ್ಮಗಳು ಒಮ್ಮೆ ತಾಯಿಯ ಕಾಲುಂಗುರ ನುಂಗಿದಳು. ಓಣಿಗೆ ಓಣಿಯೇ ಕೂಡಿತ್ತು. ಒಬ್ಬಳು ಬಾಳೆಹಣ್ಣು ತುರುಕುತ್ತಿದ್ದಳು, ಇನ್ನೊಬ್ಬಳು ಬಾಯಿಗೆ ಬೆರಳು ಹಾಕಲು ಹೊರಟಿದ್ದಳು. ಸಾಹೇಬರು ಬಂದವರೇ ಎಲ್ಲರನ್ನೂ ಹಿಂದೆ ಸರಿಸಿ ಕೂಸಿನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. "ಕೆಮ್ಮಿತೇನು? ಜೊಲ್ಲು ಸೋರತೈತೇನು? ನೀರ ಕುಡಿತೈತೇನು?" ಕೂಸು ಕೆಮ್ಮಿರಲಿಲ್ಲ. ಅವರು ರೊಟ್ಟಿ ಬೆಲ್ಲ ತರಿಸಿ ಕೈಗೆ ಕೊಟ್ಟರು. ಅದು ಎಲ್ಲರ ಮುಖ ನೋಡುತ್ತ ಪೂರ್ತಿ ತಿಂದು ಇನ್ನೂ ಬೇಕೆಂದು ಕೈ ಚಾಚಿತು. ಆಗ ಎದ್ದು, "ಉಂಗುರ ಹೊಟ್ಟಿಗಿ ಮುಟ್ಟೇತ್ರಿ. ಇನ್ನ ನನ್ನ ಕೆಲಸ ಇಲ್ಲ. ನೀವು ಹಿತ್ತಲಕಡೆ ಕಣ್ಣಿಟ್ಟ ಕುಂದ್ರಿ" ಎಂದು ನಡೆದೇಬಿಟ್ಟರು. ಉಂಗುರ ಬಂತು. ಅದನ್ನು ತಾಯಿ ಮತ್ತೆ ಹಾಕಿಕೊಂಡಳೋ ಇಲ್ಲವೋ ಎಂಬುದು ಬಾವಿಕಟ್ಟೆಯಲ್ಲಿ ಬಹಳ ದಿನ ಚರ್ಚೆಯಾಯಿತು.

ಆ ಸಂಜೆ ಕಟ್ಟೆಯ ಮೇಲೆ ಅವರು ನನಗೆ ತಿಳಿಸಿ ಹೇಳಿದರು. "ಗಂಟಲದಾಗ ಎರಡು ಹಾದಿ ಅದಾವ್ರಿ ಮಾಸ್ತರ. ಒಂದು ಊಟದ್ದು, ಒಂದು ಉಸರಿಂದು. ಊಟದ ಹಾದ್ಯಾಗ ಹೋಗಿ ಹೊಟ್ಟಿ ಸೇರಿದ್ದು ಹೆಚ್ಚಾಗಿ ತಾನ ಹೊರಗ ಬರತೈತಿ. ಉಸರಿನ ಹಾದಿ ಹಿಡದದ್ದು ಹಂಗ ಬರೂದಿಲ್ಲ. ಕೂಸಿಗಿ ಬಾಯಿಲೆ ಹೇಳಾಕ ಬರೂದಿಲ್ಲ. ಯಾವ ಹಾದಿ ಹಿಡದೈತಿ ಅಂತ ನಾವ ತಿಳಕೋಬೇಕು. ಅಷ್ಟು ತಿಳದ್ರ ಅರ್ಧಾ ವೈದ್ಯಕಿ ಆತು."

"ಉಳದ ಅರ್ಧಾರಿ?"

"ಅದು ಮಿರಜದಾಗ ಐತಿ" ಎಂದು ನಕ್ಕರು. ಕತ್ತಲೆಯೊಳಗೂ ನೋಡುವ ದುರ್ಬೀನು ಅಲ್ಲಿಯ ದೊಡ್ಡ ದವಾಖಾನೆಯಲ್ಲಿ ಇದೆ, ಅದನ್ನು ಗಂಟಲಿನಲ್ಲಿ ಇಳಿಸಿ ಹೊಕ್ಕ ಜಿನಸು ತೆಗೆಯುತ್ತಾರೆ ಎಂದು ಹೇಳಿದರು. ನಮ್ಮಲ್ಲಿ ಇದ್ದದ್ದು ಅವರ ಎರಡು ಕಿವಿ.

ಆ ಕಿವಿಗಳು ಹೋಗುತ್ತಿವೆ ಎಂದು ನಮಗೆ ತಿಳಿದದ್ದು ನಿಧಾನವಾಗಿ. ಹಿಂದಿನಿಂದ ಎತ್ತಿನ ಗಾಡಿ ಗೆಜ್ಜೆ ಸಮೇತ ಬಂದರೂ ಅವರು ಹಾದಿಯ ನಡುವೆಯೇ ನಡೆಯುತ್ತಿದ್ದರು. ಮಾತಾಡುವವರ ಕಣ್ಣು ನೋಡುವುದನ್ನು ಬಿಟ್ಟು ತುಟಿ ನೋಡತೊಡಗಿದರು. ಯಾರಾದರೂ ಬಾಯಿಗೆ ಸೆರಗು ಹಿಡಿದು ಮಾತಾಡಿದರೆ ಸಿಡಿಮಿಡಿಗೊಳ್ಳುತ್ತಿದ್ದರು. ಹುಡುಗರು ಹಿಂದಿನಿಂದ "ಕಿವುಡ ಸಾಹೇಬ" ಎಂದು ಕೂಗಿ ಓಡುತ್ತಿದ್ದರು. ಅವರಲ್ಲಿ ನನ್ನ ಶಾಲೆಯವರನ್ನು ನಾನು ಹಿಡಿದು ಚೆನ್ನಾಗಿ ಬಿಗಿದಿದ್ದೇನೆ. ಆದರೂ ಕೂಸು ತಂದರೆ ಅವರು ಕಿವಿ ತಿಕ್ಕಿ ಬೆಚ್ಚಗೆ ಮಾಡಿಕೊಂಡು ಬೆನ್ನಿಗೆ ಇಡುತ್ತಲೇ ಇದ್ದರು. ಏನು ಕೇಳುತ್ತಿತ್ತೋ, ಎಷ್ಟು ಕೇಳುತ್ತಿತ್ತೋ, ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ನನ್ನ ಚೊಚ್ಚಲ ಮಗ ಗುರುಪಾದ ಆಗ ಗೋಡೆ ಹಿಡಿದು ನಡೆಯಲು ಕಲಿತಿದ್ದ. ಶೇಂಗಾ ಸುಗ್ಗಿ. ಪಡಸಾಲೆಯ ತುಂಬ ಶೇಂಗಾ ಹರವಿತ್ತು. ಆ ದಿನಗಳಲ್ಲಿ ನಮ್ಮ ಕಡೆ ಯಾರ ಬಾಯಿಯೂ ಖಾಲಿ ಇರುವುದಿಲ್ಲ.

ನಮ್ಮ ಮನೆತನದಲ್ಲಿ ಕೂಸು ಹುಟ್ಟಿದ ಕೂಡಲೇ ಲಿಂಗ ಕಟ್ಟುತ್ತಾರೆ. ಸಣ್ಣ ಲಿಂಗ, ಬಿಳಿ ಅರಿವೆಯಲ್ಲಿ ಸುತ್ತಿ ಶಿವದಾರಕ್ಕೆ ಪೋಣಿಸಿದ್ದು. ಕೂಸಿಗೆ ತಿಳಿವಳಿಕೆ ಬರುವವರೆಗೆ ಅದರ ಪೂಜೆಯನ್ನು ಹಿರಿಯರೇ ಮಾಡಬೇಕು. ನಮ್ಮಲ್ಲಿ ಅವ್ವ ಮಾಡುತ್ತಿದ್ದಳು. ಬೆಳಿಗ್ಗೆ ಮಿಂದು ಬಂದು ತನ್ನ ಲಿಂಗವನ್ನೂ ಮೊಮ್ಮಗನ ಲಿಂಗವನ್ನೂ ಅಂಗೈಯಲ್ಲಿ ಒಟ್ಟಿಗೆ ಇಟ್ಟುಕೊಂಡು, ಭಸ್ಮ ಹಚ್ಚಿ ಪತ್ರಿ ಏರಿಸುತ್ತಿದ್ದಳು. ಗುರುಪಾದ ಅವಳ ತೊಡೆಗೆ ಆತು ನಿಂತು ಅಂಗೈಗೆ ಕೈ ಹಾಕುವುದು, ಅವಳು ಮೊಣಕೈಯಿಂದ ತಡೆಯುವುದು ದಿನದ ಆಟ.

ಆ ಬೆಳಿಗ್ಗೆ ಅವನು ಒಮ್ಮೆಲೆ ಗಕ್ಕನೆ ಉಸಿರು ಹಿಡಿದ. ನಾನು ಅಂಗಳದಲ್ಲಿ ಹಲ್ಲುಜ್ಜುತ್ತಿದ್ದೆ. ಒಳಗೆ ಹೋಗುವುದರೊಳಗೆ ಮುಖ ನೀಲಿಯಾಗಿತ್ತು. ಆಮೇಲೆ ಕೆಮ್ಮು ಶುರುವಾಯಿತು. ಕರುಳು ಹೊರಬೀಳುವಂಥ ಕೆಮ್ಮು. ಅವ್ವ ಅವನನ್ನು ಬೋರಲು ಹಿಡಿದು ಬೆನ್ನು ಗುದ್ದಿದಳು. ಕೆಮ್ಮಿ ಕೆಮ್ಮಿ ಉಸಿರು ಬಂತು, ಅಳು ಬಂತು, ಹೆಂಡತಿ ನೀಲವ್ವ ಎತ್ತಿ ಎದೆಗೆ ಹಾಕಿಕೊಂಡಳು. ಆಗ ಅವ್ವ ತನ್ನ ಅಂಗೈ ನೋಡಿದಳು. ಅವಳ ಲಿಂಗ ಇತ್ತು, ಕೂಸಿನ ಲಿಂಗ ಇರಲಿಲ್ಲ.

ಲಿಂಗ ಕಳೆದರೆ ಪ್ರಾಣ ಬಿಡಬೇಕು ಎನ್ನುವ ಕಾಲದ ಹೆಂಗಸು ಅವಳು. ಇಲ್ಲಿ ಕಳೆದದ್ದೂ ಅಲ್ಲ, ಒಳಗೆ ಹೋಗಿತ್ತು. ಅವ್ವ ಗೋಡೆಗೆ ಆತು ಕೂತುಬಿಟ್ಟಳು. ನಾನು ಓಡಿಹೋಗಿ ಸಾಹೇಬರನ್ನು ಕರೆತಂದೆ.

"ಕೈಯಾಗ ಏನಿತ್ತು?"

ನಾನೇ ಹೇಳಿದೆ. ಸಾಹೇಬರು ಹಾಲಿನಲ್ಲಿ ನೆನೆಸಿದ ರೊಟ್ಟಿ ತಿನ್ನಿಸಿ ನೋಡಿದರು. ಕೂಸು ತಿಂದಿತು. "ಲಿಂಗ ನುಣ್ಣಗ ಇರತೈತಿ. ಹೊಟ್ಟಿಗಿ ಹೋಗಿದ್ರ ಹೆದರಿಕಿ ಇಲ್ಲ, ಹೊರಗ ಬರತೈತಿ."

"ಹೊರಗ ಬರೂದಂದ್ರ?" ಎಂದಳು ಅವ್ವ. ಅರ್ಥವಾದ ಕೂಡಲೇ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. "ದೇವರನ್ನ ಅಲ್ಲಿ ಹುಡುಕಬೇಕೇನ್ರಿ ನಾವು?"

"ಅವ್ವಾರ, ದೇವರು ಎಲ್ಲದಾನು ಅನ್ನೂದು ನಿಮಗ ಗೊತ್ತು. ಕೂಸಿನ ಉಸರು ಎಲ್ಲಿ ತನಕ ಹೋಗತೈತಿ ಅನ್ನೂದಷ್ಟ ನನಗ ಬೇಕು." ಹಾಗೆಂದು ಬೆನ್ನಿಗೆ ಕಿವಿ ಇಟ್ಟರು. ಬಹಳ ಹೊತ್ತು ಇಟ್ಟರು. ಎದ್ದಾಗ ಮುಖದಲ್ಲಿ ಏನೂ ಇರಲಿಲ್ಲ. ಎಷ್ಟು ಹೊತ್ತು ಕೆಮ್ಮಿದ, ಮುಖ ಖರೇನ ನೀಲಿ ಆಗಿತ್ತೇ ಎಂದು ಕೇಳಿ, ಹೂಂ ಎಂದ ಮೇಲೆ ಹಣೆ ಗಂಟುಹಾಕಿಕೊಂಡು ಹೋದರು.

ಮರುದಿನ ನೀಲವ್ವ ಪತ್ರಿಯ ಬುಟ್ಟಿ ಝಾಡಿಸಿದಾಗ ಬಾಡಿದ ಎಲೆಗಳ ಜೊತೆ ಕೂಸಿನ ಲಿಂಗ ಕೆಳಗೆ ಬಿತ್ತು.

ಆ ದಿನದ ಸಂತೋಷವನ್ನು ನಾನು ಹೇಗೆ ಹೇಳಲಿ. ಅವ್ವ ಲಿಂಗವನ್ನು ಕಣ್ಣಿಗೊತ್ತಿಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು. ಮಠದ ಅಯ್ಯನವರನ್ನು ಕರೆಸಿ ಪಾದಪೂಜೆಯಾಯಿತು, ಸಜ್ಜಕದ ಊಟವಾಯಿತು. ಕೂಸು ಏನೂ ನುಂಗಿಲ್ಲ, ಭಸ್ಮದ ಧೂಳು ಮೂಗಿಗೆ ಹೋಗಿ ಕೆಮ್ಮಿದ್ದಾನೆ, ಅಷ್ಟೇ ಎಂದಳು ಅವ್ವ. ಎಲ್ಲರಿಗೂ ಅದು ಸರಿ ಕಂಡಿತು. ಗುರುಪಾದನೂ ಗೋಡೆ ಹಿಡಿದು ಆಡುತ್ತಿದ್ದ. ನಾನು ಒಂದು ಬಟ್ಟಲು ಸಜ್ಜಕ ಹಿಡಿದು ಸಾಹೇಬರ ಕಟ್ಟೆಗೆ ಹೋಗಿ ಎದುರು ನಿಂತು ಜೋರಾಗಿ ಸುದ್ದಿ ಹೇಳಿದೆ.

ಅವರು ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ಕೂತರು, ಬಾಯಿಗೆ ಇಡಲಿಲ್ಲ. "ಲಿಂಗ ಸಿಕ್ಕಿದ್ದು ಭಾಳ ಚಲೋ ಆತ್ರಿ" ಎಂದರು. ಆಮೇಲೆ, "ಹಂಗಾದ್ರ ಕೂಸು ಕೆಮ್ಮಿದ್ದು ಯಾತಕ್ಕ?"

ನಾನು ಭಸ್ಮದ ಮಾತು ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ಧೂಳಿಗಿ ಮುಖ ನೀಲಿ ಆಗೂದಿಲ್ರಿ ಮಾಸ್ತರ. ಕಳದದ್ದು ಸಿಕ್ತು ಅಂದ್ರ ಕೂಸು ಏನೂ ಎಳಕೊಂಡಿಲ್ಲ ಅಂತಲ್ಲ. ಅದು ಬಿಟ್ಟು ಬ್ಯಾರೆ ಏನಿತ್ತು ಮನ್ಯಾಗ?"

ಮನೆಯಲ್ಲಿ ಏನಿತ್ತು ಎಂದು ನೆನೆಯುವಾಗ ನನ್ನ ಕಣ್ಣೆದುರು ಪಡಸಾಲೆ ಬಂತು. ಶೇಂಗಾ ಎಂದೆ. ಅವರು ಬಟ್ಟಲನ್ನು ಕೆಳಗಿಟ್ಟರು. "ಕೂಸಿನ್ನ ಕರಕೊಂಡ ಬರ್ರಿ. ಯಾರಿಗೂ ಏನೂ ಹೇಳಬ್ಯಾಡ್ರಿ ಈಗ."

ತಿರುಗಾಡಿಸಿ ಬರುತ್ತೇನೆಂದು ಎತ್ತಿಕೊಂಡು ಬಂದೆ. ಅವರು ಬಾಗಿಲು ಮುಚ್ಚಿ, ಹೊರಸಿನ ಮೇಲೆ ನನ್ನನ್ನು ಕೂರಿಸಿ, ಎದುರು ನಿಂತರು. "ಮಾಸ್ತರ, ನನ್ನ ಕಿವಿ ಹೋಗ್ಯಾವ್ರಿ. ನಿನ್ನೆ ನಿಮ್ಮ ಕೂಸಿನ ಬೆನ್ನಿಗಿ ಕಿವಿ ಇಟ್ಟೆ, ಗ್ವಾಡಿಗಿ ಇಟ್ಟಂಗಾತು. ಎಡಕ್ಕೂ ಹಂಗ, ಬಲಕ್ಕೂ ಹಂಗ. ತಪ್ಪು ಕೂಸಿಂದಲ್ಲ, ನಂದು. ಈಗ ನೀವ ಕೇಳ್ರಿ."

ಅವರು ಕೂಸನ್ನು ತಮ್ಮ ಹೆಗಲಿಗೆ ಹಾಕಿಕೊಂಡು, ಧೋತರದ ತುಂಡು ಹರವಿ, ನನ್ನ ಕಿವಿಯನ್ನು ತಮ್ಮ ಅಂಗೈಯಿಂದಲೇ ತಿಕ್ಕಿದರು. ಕಿವಿ ಎಲ್ಲಿಡಬೇಕೆಂದು ಬೆರಳಿಂದ ತೋರಿಸಿದರು. ಮೊದಲು ಎಡಗಡೆ. ಜೋಳದ ಬೆಳೆಯೊಳಗೆ ಗಾಳಿ ಹೊಕ್ಕು ಹೊರಟಂಥ ಸಪ್ಪಳ ಒಳಗೆ ಹೋಗುತ್ತಿತ್ತು, ಬರುತ್ತಿತ್ತು. ನನ್ನ ಮಗನ ಉಸಿರನ್ನು ನಾನು ಹಾಗೆ ಎಂದೂ ಕೇಳಿರಲಿಲ್ಲ. ಅಷ್ಟು ಭಯದಲ್ಲೂ ಅದು ಚೆಂದ ಅನಿಸಿತು. ಆಮೇಲೆ ಬಲಗಡೆ. ಮೇಲೆ ಸ್ವಲ್ಪ ಇತ್ತು. ಕೆಳಗೆ ಇಳಿದಂತೆ ಸಪ್ಪಳ ಇರಲಿಲ್ಲ. ಕಿವಿ ಒತ್ತಿದೆ. ಇರಲಿಲ್ಲ. ಮತ್ತೆ ಎಡಕ್ಕೆ ಇಟ್ಟೆ, ಇತ್ತು. ಬಲಕ್ಕೆ ಇಟ್ಟೆ, ಇಲ್ಲ.

ತಲೆ ಎತ್ತಿದಾಗ ಸಾಹೇಬರು ನನ್ನ ತುಟಿ ನೋಡುತ್ತಿದ್ದರು. ನಾನು ಏನೂ ಹೇಳುವ ಮೊದಲೇ ಅವರಿಗೆ ತಿಳಿಯಿತು. "ಅರ್ಧಾ ಶೇಂಗಾ ಬೀಜ ಸಾಕ್ರಿ" ಎಂದರು. "ಇವತ್ತ ಆಡತಾನ, ನಾಳೆನೂ ಆಡತಾನ. ಬೀಜ ಒಳಗ ನೆನದು ಉಬ್ಬತೈತಿ. ಆಮ್ಯಾಲ ಜ್ವರ ಬರತೈತಿ. ಆಡುದ್ರಾಗ ಮಿರಜಕ್ಕ ಒಯ್ಯಬೇಕು."

ಆಡುವ ಕೂಸನ್ನು ಮಿರಜಕ್ಕೆ ಒಯ್ಯುವುದು ಎಂದರೆ ಏನೆಂದು ಮನೆಯಲ್ಲಿ ಹೇಳಿ ನೋಡಿದವನಿಗೇ ಗೊತ್ತು. ಅವ್ವ ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ನಕ್ಕೋತ ಆಡೂ ಕೂಸಿನ ಗಂಟಲಕ್ಕ ನಳಿಗಿ ಹಾಕಸ್ತೀಯೇನಪಾ? ಆ ಕಿವುಡ ಡಾಕ್ಟರ ಹೇಳಿದ ಅಂತ?" ನಾನೇ ಕೇಳಿದ್ದೇನೆ ಎಂದೆ. "ನೀ ಯಾವಾಗ ಡಾಕ್ಟರ ಆದಿ?" ಎಂದಳು. ನೀಲವ್ವ ಬಾಗಿಲಿಗೆ ಆತು ನಿಂತು ಒಮ್ಮೆ ನನ್ನ ಮುಖ, ಒಮ್ಮೆ ಕೂಸಿನ ಮುಖ ನೋಡುತ್ತಿದ್ದಳು. ಕೂಸು ಅವ್ವನ ಸೆರಗಿನೊಳಗಿಂದ ಇಣುಕಿ ನಗುತ್ತಿತ್ತು. ಅದರ ನಗೆಯ ಮುಂದೆ ನನ್ನ ಮಾತು ಯಾರಿಗೆ ಬೇಕಾಗಿತ್ತು. ಕೂಗಾಡಿದೆ, ಊಟ ಬಿಟ್ಟೆ. ಮರುದಿನ ಶಾಲೆಯಿಂದ ಮನೆಗೆ ಬರುವುದರೊಳಗೆ ಅವ್ವ ಸೊಸೆಯನ್ನೂ ಮೊಮ್ಮಗನನ್ನೂ ಗಾಡಿ ಹತ್ತಿಸಿ ಬಾಲಗಾಂವಿಗೆ, ನೀಲವ್ವನ ತವರಿಗೆ ಕಳಿಸಿಬಿಟ್ಟಿದ್ದಳು. ಕೂಸಿಗೆ ದೃಷ್ಟಿಯಾಗಿದೆ, ಸ್ವಲ್ಪ ದಿನ ಈ ಊರ ನೀರು ಬೇಡ ಎಂದಳು.

ನಾನು ಬಾಲಗಾಂವಿಗೆ ಹೋದೆ. ಮಾವ ಮರ್ಯಾದೆಯಿಂದ ಕೂರಿಸಿ ಉಣಿಸಿ, ಹಬ್ಬ ಮುಗಿಯಲಿ ಎಂದರು. ಕೂಸು ಆಡುತ್ತಿತ್ತು. ಬರಿಗೈಯಲ್ಲಿ ಬಂದೆ. ಸಾಹೇಬರು ದಿನಾ ಸಂಜೆ ನನ್ನ ತುಟಿ ನೋಡಿ ಚಹಾ ಕೊಡುತ್ತಿದ್ದರು. ಆಮೇಲೆ ಬಾಲಗಾಂವಿನಿಂದ ಆಳು ಬಂದ. ಕೂಸಿಗೆ ಜ್ವರ.

ಸಾಹೇಬರೂ ನಾನೂ ಹೋಗುವ ಹೊತ್ತಿಗೆ, ಹೊಟ್ಟೆ ಉಬ್ಬಿಸುವ ಡಬ್ಬದ ಬೇನೆ ಎಂದು ಕೂಸಿನ ಹೊಟ್ಟೆಗೆ ಚುಟಿಗಿ ಹಾಕಿಸಿದ್ದರು. ಕಾದ ಬಳೆಚೂರಿನ ಬರೆಗಳು ಕೆಂಪಗೆ ಎದ್ದಿದ್ದವು. ಸಾಹೇಬರು ಅವುಗಳನ್ನು ನೋಡಿ ಯಾರಿಗೂ ಬೈಯಲಿಲ್ಲ. ಅವರು ಬೈಯದೆ ಇದ್ದದ್ದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಕೂಸು ಪಕ್ಕೆ ಒಳಗೆ ಎಳೆದು ಎಳೆದು ಉಸಿರಾಡುತ್ತಿತ್ತು. ಈ ಸಲ ಯಾರೂ ತಡೆಯಲಿಲ್ಲ.

ಗಾಡಿಯಲ್ಲಿ ಜತ್ತ, ಅಲ್ಲಿಂದ ಮಿರಜದ ಮೋಟಾರು. ಬರಬೇಡಿ, ನಿಮ್ಮಿಂದ ಆಗುವುದಿಲ್ಲ ಎಂದರೂ ಸಾಹೇಬರು ಕೇಳಲಿಲ್ಲ. ಡಫಳಾಪುರ ದಾಟುವವರೆಗೂ ಹಾದಿ ಹಾದಿಯಾಗಿರಲಿಲ್ಲ. ಅವರು ಕೂಸನ್ನು ತಮ್ಮ ಹೆಗಲಿಗೆ ನೆಟ್ಟಗೆ ಆನಿಸಿಕೊಂಡು, ಮೋಟಾರು ಕುಣಿದಾಗಲೆಲ್ಲ ತಾವು ಎದ್ದು ನಿಂತು ಆ ಪೆಟ್ಟು ಅದಕ್ಕೆ ತಾಗದಂತೆ ನೋಡಿಕೊಂಡರು. "ಮಲಗಸಬ್ಯಾಡವಾ, ಹಿಂಗ ಇರ್ಲಿ" ಎಂದು ನೀಲವ್ವನಿಗೆ ಹೇಳುತ್ತಿದ್ದರು. ನೀಲವ್ವ ಏನೋ ಕೇಳುತ್ತಿದ್ದಳು, ಮೋಟಾರಿನ ಗದ್ದಲದಲ್ಲಿ ಅವರಿಗಷ್ಟೇ ಅಲ್ಲ, ನನಗೂ ಕೇಳಿಸಲಿಲ್ಲ.

ದವಾಖಾನೆಯಲ್ಲಿ ಎದೆಯ ಫೋಟೋ ತೆಗೆದರು. ಅದರಲ್ಲಿ ಯಾವ ಜಿನಸೂ ಕಾಣಲಿಲ್ಲ. ಅಲ್ಲಿಯ ಡಾಕ್ಟರು ನನ್ನ ವಯಸ್ಸಿನವರು, ಮೆಲುಮಾತಿನವರು. ಶೇಂಗಾ ಫೋಟೋದಲ್ಲಿ ಕಾಣುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ತಾವೂ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಸಾಹೇಬರ ಕಡೆ ತಿರುಗಿ ಮರಾಠಿಯಲ್ಲಿ ಹೇಳಿದರು: ಈಗ ಎರಡೂ ಕಡೆ ಕಫ ತುಂಬಿದೆ, ಏನೂ ತಿಳಿಯುವಂತಿಲ್ಲ. ಇದು ಬರೀ ಜ್ವರವೂ ಇರಬಹುದು. ಬರೀ ಜ್ವರವಿದ್ದರೆ ಈ ಸ್ಥಿತಿಯಲ್ಲಿ ದುರ್ಬೀನು ಇಳಿಸಿದರೆ ಕೂಸು ಉಳಿಯುವುದಿಲ್ಲ. ಒಳಗೆ ಬೀಜವಿದ್ದರೆ ಇಳಿಸದಿದ್ದರೂ ಉಳಿಯುವುದಿಲ್ಲ. ಜ್ವರ ಬರುವ ಮೊದಲು ಒಂದು ಕಡೆ ಸಪ್ಪಳ ನಿಂತದ್ದನ್ನು ನೀವು ಸ್ವತಃ ಕೇಳಿದ್ದೀರಾ?

ಅವರು ಈ ಮಾತನ್ನು ಎರಡನೆಯ ಸಲ ಹೇಳಬೇಕಾಯಿತು. ಸಾಹೇಬರು ಅವರ ತುಟಿಯನ್ನೇ ನೋಡುತ್ತಿದ್ದರು. ನಾನು ಬಾಯಿ ತೆರೆದೆ. ಸಾಹೇಬರ ಕೈ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿಯಿತು.

"ನಾನೇ ಕೇಳಿದ್ದೇನೆ" ಎಂದರು, ಚೊಕ್ಕ ಮರಾಠಿಯಲ್ಲಿ. "ಬಲಗಡೆ, ಕೆಳಭಾಗ. ಸಂಶಯವಿಲ್ಲ."

ಎದುರು ನಿಂತು ಕೇಳಿದ ಮಾತೇ ಒಂದು ಸಲಕ್ಕೆ ಕೇಳಿಸದ ಮನುಷ್ಯ ಕೂಸಿನ ಎದೆ ಕೇಳಿದ್ದೇನೆ ಎಂದರೆ ಯಾರಾದರೂ ನಗಬಹುದಿತ್ತು. ಆ ಡಾಕ್ಟರು ನಗಲಿಲ್ಲ. ಸಾಹೇಬರ ಬಿಳಿ ಕೂದಲನ್ನೂ, ಕೂಸನ್ನು ಹಿಡಿದ ರೀತಿಯನ್ನೂ ನೋಡಿ ತಲೆಯಾಡಿಸಿ ಒಳಗೆ ಒಯ್ದರು.

ಬೀಜ ಸಿಕ್ಕಿತು. ಅರ್ಧ ಶೇಂಗಾ, ನೆನೆದು ಉಬ್ಬಿ ಬೆಳ್ಳಗಾದದ್ದು. ಹೇಳಿದ ಜಾಗದಲ್ಲೇ ಇತ್ತಂತೆ. ಅದನ್ನು ನನಗೆ ತೋರಿಸಿದಾಗ ನಾನು ಹುಚ್ಚನ ಹಾಗೆ ಸಾಹೇಬರ ಕೈ ಹಿಡಿದುಕೊಂಡು ಕುಣಿದೆ. ಅವರು ಕುಣಿಯಲಿಲ್ಲ. ಒಳಗಿನ ಪುಪ್ಪುಸ ಕೊಳೆತಿತ್ತು. ಮರುದಿನ ಮಧ್ಯಾಹ್ನ ಗುರುಪಾದ ಹೋದ. ನೀಲವ್ವನ ತೊಡೆಯ ಮೇಲಿದ್ದ. ಅಲ್ಲಿಯ ಡಾಕ್ಟರು ನನ್ನನ್ನು ಹೊರಗೆ ಕರೆದು, ಕೂಸು ಆಡುತ್ತಿದ್ದಾಗಲೇ ತಂದಿದ್ದರೆ ಎಂದು ಶುರು ಮಾಡಿ, ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ನಮ್ಮ ಪದ್ಧತಿಯಂತೆ ಕೂಸಿನ ಜೊತೆ ಅದರ ಲಿಂಗವನ್ನೂ ಮಣ್ಣಿಗೆ ಇಟ್ಟೆವು.

ಊರಿಗೆ ಬಂದ ಮೇಲೆ ಕಥೆ ಬೇರೆಯೇ ಆಗಿತ್ತು. ಕೂಸಿಗೆ ಜ್ವರ ಇತ್ತು, ಕಿವುಡ ಸಾಹೇಬ ಮಿರಜಕ್ಕೆ ಒಯ್ಯಿಸಿ ಗಂಟಲಿಗೆ ನಳಿಗೆ ಹಾಕಿಸಿದ, ಕೂಸು ಸತ್ತಿತು. ಬೀಜ ಸಿಕ್ಕ ಸುದ್ದಿ ನಮ್ಮ ಓಣಿ ದಾಟಲಿಲ್ಲ. ಸಿಕ್ಕರೇನು, ಕೂಸು ಉಳಿಯಲಿಲ್ಲವಲ್ಲ.

ಸಾಹೇಬರು ಮಾತಾಡಿಸಲು ಬಂದು ನಮ್ಮ ಕಟ್ಟೆಯ ಮೇಲೆ ಕೂತಾಗ ಅವ್ವ ಒಳಗಿನಿಂದ ಅವರ ವಂಶವನ್ನೇ ಶಪಿಸುತ್ತಿದ್ದಳು. ನಾನು ತಡೆಯಲಾರದೆ ಹೇಳಿದೆ: "ಅವರು ಕೇಳಿಲ್ಲಬೇ ಯವ್ವಾ. ಅವತ್ತ ಹೇಳಿದ್ದೆನಲ್ಲ, ನಾ ಕೇಳಿದ್ದು. ಸಪ್ಪಳ ಇಲ್ಲ ಅಂತ ಹೇಳಿದಂವ ನಾ." ಅವ್ವನ ಮಾತು ನಿಂತಿತು. ಹೊರಗೆ ಬಂದಳು. ಹಿಂದೆ ನೀಲವ್ವನೂ ಬಂದು ನಿಂತಳು. ಇಬ್ಬರೂ ನನ್ನನ್ನು ನೋಡಿದ ಆ ನೋಟ ನನಗೆ ಇವತ್ತಿಗೂ ಬೇಡ. ಅವ್ವ ಸಾಹೇಬರ ಎದುರು ನಿಂತು ಒಂದೊಂದೇ ಮಾತು ಬಿಡಿಸಿ ಕೇಳಿದಳು: "ಇಂವ ಹೇಳೂದು ಖರೇ ಏನ್ರಿ?"

ಸಾಹೇಬರು ಅವಳ ತುಟಿ ಓದಿಕೊಂಡರು. "ಮಾಸ್ತರ ಮನಸು ದೊಡ್ಡದ್ರಿ ಅವ್ವಾರ. ನನ್ನ ಮರ್ಯಾದಿ ಉಳಸಾಕ ಹಂಗಂತಾರ. ಸಾಲಿ ಮಾಸ್ತರಿಗಿ ಎದಿ ಸಪ್ಪಳ ಏನ ತಿಳಿತೈತಿ? ಕೇಳಿದಂವ ನಾನ, ಮಿರಜಕ್ಕ ಒಯ್ಯಿಸಿದಂವನೂ ನಾನ."

ಆಮೇಲೆ ನಾನು ಎಷ್ಟು ಸಲ ಹೇಳಿದರೂ ಮನೆಯಲ್ಲಿ ಯಾರೂ ನಂಬಲಿಲ್ಲ. ಕಟ್ಟೆಯ ಗೆಳೆತನಕ್ಕೆ ಸುಳ್ಳು ಹೇಳುತ್ತಾನೆ ಎಂದರು. ಕೂಸುಗಳನ್ನು ಅವರ ಬಳಿ ತರುವುದು ನಿಂತಿತು. ಅವರ ಕಿವಿ ಪೂರ್ತಿ ಹೋಯಿತು. ನಾನು ಶಾಲೆಯಿಂದ ಒಂದು ಪಾಟಿ ಒಯ್ದಿಟ್ಟಿದ್ದೆ, ಅದರ ಮೇಲೆ ಬರೆದು ಅವರ ಜೊತೆ ಮಾತಾಡುತ್ತಿದ್ದೆ. ಪ್ರಾಂತರಚನೆಯ ಗದ್ದಲ ನಡೆದಿದ್ದ ವರ್ಷ ಅವರು ತೀರಿಕೊಂಡರು. ಜತ್ತ ಕನ್ನಡದ ಕಡೆಯೋ ಮರಾಠಿಯ ಕಡೆಯೋ ಎಂಬ ವಾದದಲ್ಲಿ ಊರು ಮುಳುಗಿತ್ತು, ಮಣ್ಣಿಗೆ ಹೆಚ್ಚು ಜನ ಬರಲಿಲ್ಲ. ನಾನು ಮೂರು ಹಿಡಿ ಮಣ್ಣು ಹಾಕಿ ಬಂದೆ.

ಅದಕ್ಕೂ ಮೊದಲಿನ ಒಂದು ಸಂಜೆ ನಾನು ಪಾಟಿಯ ಮೇಲೆ ಬರೆದು ಕೇಳಿದ್ದೆ: ಮಿರಜದಲ್ಲಿ ಸುಳ್ಳು ಹೇಳಿದಿರಿ, ಆ ಡಾಕ್ಟರು ನಂಬಲಿ ಎಂದು. ಅದು ನನಗೆ ತಿಳಿಯಿತು. ನಮ್ಮ ಮನೆಯ ಕಟ್ಟೆಯ ಮೇಲೆ ಯಾಕೆ ಹೇಳಿದಿರಿ?

ಓದಿ, ಅಂಗೈಯಿಂದ ಪಾಟಿ ಒರೆಸಿದರು. "ನೀವು ಆ ಮನ್ಯಾಗ ಬಾಳೇ ಮಾಡಬೇಕಲ್ರಿ ಮಾಸ್ತರ. ಒಂದ ತಾಯಿ, ಒಂದ ಹೆಣತಿ, ದಿನಾ ಅವರ ಕೈಲೆ ಉಣ್ಣಬೇಕು. ನನಗೇನ್ರಿ, ಬೈದ್ರ ಕೇಳಸೂದಿಲ್ಲ."

ಅವರಿಗೆ ಅದು ನಗೆಯ ಮಾತಾಗಿತ್ತು. ನನಗೆ ನಗಲು ಆಗಲಿಲ್ಲ. ನೀಲವ್ವ ಮತ್ತೆ ಮೂರು ಮಕ್ಕಳನ್ನು ಹೆತ್ತಳು, ಒಂದು ದಿನವೂ ನನ್ನ ಮೇಲೆ ಮುಖ ತಿರುಗಿಸಲಿಲ್ಲ. ಅವ್ವ ಕಡೆಯ ದಿನಗಳಲ್ಲಿ ಬೇರೆ ಯಾರ ಕೈಯ ನೀರನ್ನೂ ಒಲ್ಲೆನೆಂದು ನನ್ನ ಕೈಯಿಂದಲೇ ಕುಡಿದು ಕಣ್ಣು ಮುಚ್ಚಿದಳು. ಬಾಯಿಗೆ ನೀರು ಬಿಡುವಾಗಲೂ ನಾನು ಅವಳ ಕಿವಿಯ ಬಳಿ ಬಗ್ಗಿ, ಅವತ್ತು ಕೇಳಿದವನು ನಾನೇ ಯವ್ವಾ ಎಂದೆ. ಅವಳು ನನ್ನ ಕೆನ್ನೆ ಸವರಿ, "ಇನ್ನೂ ಆ ಡಾಕ್ಟರನ್ನ ಬಿಟ್ಟ ಕೊಡವಲ್ಲಿ ನೋಡು" ಎಂದಳು.